ಸತ್ಯಾಂಶ: ಮೆಲಿಯೆಸ್ ರೈಲ್ವೆ ಸ್ಟೇಷನ್‌ನಲ್ಲಿ ಅನಾಮಧೇಯರಾಗಿ ಸತ್ತರಾ?

ಫ್ರಾನ್ಸಿನ ಡೈರೆಕ್ಟರ್ ಜಾರ್ಜ್ ಮೆಲಿಯೆಸ್ ಬಗ್ಗೆ ಒಂದು ಫಾರ್ವರ್ಡ್ ಇದೆ, 1902ರಲ್ಲೇ ಚಂದ್ರಲೋಕದ ಸಿನಿಮಾ ಮಾಡಿದ್ದೋರು ಕೊನೆಗೆ ರೈಲ್ವೆ ಸ್ಟೇಷನ್‌ನಲ್ಲಿ ಆಟಿಕೆ ಮಾರ್ಕೊಂಡು ಯಾರಿಗೂ ಗೊತ್ತಿಲ್ದೆ ಸತ್ರು ಅಂತ. ಅರ್ಧ ಮಾತ್ರ ನಿಜ.

ಆಟಿಕೆ ಮಾರಿದ್ದು ಹೌದು, ಪ್ಯಾರಿಸ್‌ನ ಮೋಂಪರ್ನಾಸ್ ಸ್ಟೇಷನ್‌ನಲ್ಲಿ. ಅದು ಹೆಂಡತಿ ಜೆಹಾನ್ ಅವರ ಅಂಗಡಿ, ಮೆಲಿಯೆಸ್ ಸಿನಿಮಾಗಳಲ್ಲೇ ಆ್ಯಕ್ಟ್ ಮಾಡಿದ್ದ ನಟಿ ಅವರು. ಆದ್ರೆ ಕಥೆ ಅಲ್ಲಿಗೇ ಮುಗೀಲಿಲ್ಲ, 1920ರ ದಶಕದ ಕೊನೇಲಿ ಪತ್ರಕರ್ತರು ಅವರನ್ನ ಹುಡುಕಿ ಬರೆದ್ರು, 1929ರಲ್ಲಿ ಪ್ಯಾರಿಸ್‌ನ ಸಾಲ್ ಪ್ಲೆಯೆಲ್ ಅನ್ನೋ ಸಂಗೀತ ಸಭಾಂಗಣದಲ್ಲಿ ಅವರ ಸಿನಿಮಾಗಳ ದೊಡ್ಡ ಶೋ ಆಯ್ತು, 1931ರಲ್ಲಿ ಫ್ರಾನ್ಸಿನ ದೊಡ್ಡ ಸರ್ಕಾರಿ ಗೌರವ ಲೀಜನ್ ಆಫ್ ಆನರ್ ಬಂತು, ಅದನ್ನ ಕೈಯಾರೆ ಕೊಟ್ಟಿದ್ದು ಸಿನಿಮಾ ಶುರು ಮಾಡಿದ ಲುಮಿಯೇರ್ ಸಹೋದರರಲ್ಲಿ ಒಬ್ಬರಾದ ಲೂಯಿ ಲುಮಿಯೇರ್! 1932ರಿಂದ ಪ್ಯಾರಿಸ್ ಹತ್ತಿರದ ಓರ್ಲಿಯಲ್ಲಿ ಸಿನಿಮಾದೋರಿಗಂತಲೇ ಇದ್ದ ವೃದ್ಧಾಶ್ರಮದಲ್ಲಿದ್ರು, 1938ರ ಜನವರಿಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದು ಆಸ್ಪತ್ರೇಲಿ.

ಇಷ್ಟಕ್ಕೂ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷ್ಯ ಫಾರ್ವರ್ಡ್‌ನಲ್ಲಿ ಇಲ್ಲವೇ ಇಲ್ಲ. ಐನೂರಕ್ಕೂ ಹೆಚ್ಚು ಸಿನಿಮಾ ಮಾಡಿದ್ರು (ಎಷ್ಟೋ ಬರೀ ಒಂದೆರಡು ನಿಮಿಷದವು ಬಿಡಿ), 1923ರಲ್ಲಿ ಸಾಲ ತೀರ್ಸೋಕೆ ಪ್ಯಾರಿಸ್ ಪಕ್ಕದ ಮೋಂತ್ರೆಯ್‌ನಲ್ಲಿ ತಮ್ಮ ಸ್ಟುಡಿಯೋ ಇದ್ದ ಆಸ್ತಿ ಬಿಟ್ಟು ಹೋಗ್ಬೇಕಾದಾಗ, ಇಟ್ಕೊಳ್ಳೋಕೆ ಜಾಗ ಇಲ್ದೆ ತಮ್ಮತ್ರ ಇದ್ದ ನೆಗೆಟಿವ್‌ಗಳನ್ನ (ಪ್ರಿಂಟ್ ತೆಗೆಯೋ ಮೂಲ ಫಿಲ್ಮ್) ತಾವೇ ಸುಟ್ಟುಹಾಕಿದ್ರು. ಈಗ ನಾವು ನೋಡ್ತಿರೋದೆಲ್ಲಾ ಬೇರೆಯವ್ರ ಹತ್ರ ಉಳಿದಿದ್ದ ಪ್ರಿಂಟುಗಳಿಂದ, ಇನ್ನೊಂದಷ್ಟು ಅಮೆರಿಕಾಗೆ ಹೋಗಿದ್ದ ನೆಗೆಟಿವ್‌ಗಳಿಂದ.