ರಿಷಾರ್‌ನನ್ನು ಬಿಟ್ಟು ಕನೇಡಿಯನ್ಸ್ ಕಥೆ ಹೇಳಬೇಡಿ

ಕೆನಡಾದ ಐಸ್ ಹಾಕಿ ತಂಡ ಮಾಂಟ್ರಿಯಲ್ ಕನೇಡಿಯನ್ಸ್‌ನ ಇತಿಹಾಸ ಅಂತ ಈಗಷ್ಟೇ ಒಂದು ವಿಡಿಯೊ ನೋಡಿದೆ. ತಲೆ ಕೆಟ್ಟುಹೋಯಿತು. 24 ಸ್ಟ್ಯಾನ್ಲಿ ಕಪ್ (ಐಸ್ ಹಾಕಿಯ ದೊಡ್ಡ ಟ್ರೋಫಿ), ಕೊನೆಯದು 1993ರಲ್ಲಿ, ಆಮೇಲೆ ಏನೂ ಇಲ್ಲ. ಇಷ್ಟೇ ಕಥೆಯಂತೆ! ತಂಡದ ಆಟಗಾರ ಮೊರೀಸ್ ರಿಷಾರ್‌ಗೆ ಶಿಕ್ಷೆಯಾದಾಗ ಎದ್ದ 1955ರ ಗಲಭೆಯನ್ನು ಅಭಿಮಾನಿಗಳ ಪುಂಡಾಟ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು.

ಈ ಊರಿಗೆ ಬಂದ ಮೇಲೆ ನನಗೆ ಐಸ್ ಹಾಕಿ ಹುಚ್ಚು ಹೇಗೆ ಹಿಡಿಯಿತು ಅಂತ ನಿಮಗೆಲ್ಲ ಗೊತ್ತು. ಸುಮ್ನೆ ಇರೋಕೆ ಆಗುತ್ತಿಲ್ಲ.

1909ರ ಡಿಸೆಂಬರ್‌ನಲ್ಲಿ ಈ ತಂಡ ಕಟ್ಟಿದ್ದೇ ಫ್ರೆಂಚ್ ಮಾತಾಡುವ ಜನರಿಗಾಗಿ. ದುಡ್ಡು ಹಾಕಿದ ಆಂಬ್ರೋಸ್ ಒಬ್ರಿಯನ್ ಒಂಟಾರಿಯೊದ ಇಂಗ್ಲಿಷ್ ಮಾತಿನವನು, ಅದು ಬೇರೆ ವಿಷಯ. ಈ ತಂಡ ಆಡುವ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಹುಟ್ಟಿದ್ದು 1917ರಲ್ಲಿ. ಅದಕ್ಕೂ ಮೊದಲೇ, 1916ರಲ್ಲಿ, ಇವರು ಮೊದಲ ಕಪ್ ಎತ್ತಿದ್ದರು.

ಆಮೇಲೆ ಮೊರೀಸ್ ರಿಷಾರ್ ಬಂದ. ರೈಲ್ವೆ ವರ್ಕ್‌ಶಾಪಿನ ಕೆಲಸಗಾರನ ಮಗ. 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದ. ಅಲ್ಲಿಯವರೆಗೆ ಲೀಗಿನಲ್ಲಿ ಯಾರೂ ಒಂದು ಸೀಸನ್‌ನಲ್ಲಿ 50 ಮುಟ್ಟಿರಲಿಲ್ಲ. ಆಗ ಮಾಂಟ್ರಿಯಲ್‌ನ ಹೆಚ್ಚಿನವರ ಮಾತು ಫ್ರೆಂಚ್. ಆದರೆ ದೊಡ್ಡ ಕಂಪನಿ, ಬ್ಯಾಂಕು ಎಲ್ಲ ಇಂಗ್ಲಿಷ್‌ನವರ ಕೈಯಲ್ಲಿ. ತಮ್ಮದೇ ಊರಿನಲ್ಲಿ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವರಿಗೆ, ಯಾರಿಗೂ ತಲೆಬಾಗದ ಈ ರಿಷಾರ್ ಬರೀ ಆಟಗಾರನಾಗಿ ಕಂಡಿರಲು ಸಾಧ್ಯವಾ?

1955ರ ಮಾರ್ಚ್ 13. ಬಾಸ್ಟನ್‌ನಲ್ಲಿ ಎದುರಾಳಿಯ ಸ್ಟಿಕ್ ತಗುಲಿ ರಿಷಾರ್ ತಲೆಯಿಂದ ರಕ್ತ ಬಂತು. ಅವನು ತಿರುಗಿ ಹೊಡೆದ. ತಡೆಯಲು ಬಂದ ಲೈನ್ಸ್‌ಮನ್‌ಗೂ (ಪಂದ್ಯದ ಅಧಿಕಾರಿ) ಗುದ್ದಿದ. ಇಂಗ್ಲಿಷ್ ಮಾತಿನ ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಅವನನ್ನು ಕಪ್‌ಗಾಗಿ ಆಡುವ ಇಡೀ ಪ್ಲೇಆಫ್‌ನಿಂದಲೇ ಹೊರಗಿಟ್ಟ. ಅಷ್ಟು ಸಾಲದು ಅಂತ 17ರ ರಾತ್ರಿ ಕನೇಡಿಯನ್ಸ್‌ನ ತವರು ಫೋರಂ ಅಂಗಣಕ್ಕೆ ಬಂದು, ಆ ಜನರ ಮಧ್ಯೆಯೇ ಕೂತ. ಅವನ ಮೇಲೆ ಟೊಮೆಟೊ, ಮೊಟ್ಟೆ ಬಿದ್ದವು. ಅಶ್ರುವಾಯು ಸಿಡಿಯಿತು. ಪಂದ್ಯ ನಿಂತು ಎದುರಾಳಿ ಡೆಟ್ರಾಯಿಟ್ ಪಾಲಾಯಿತು. ಸೇಂಟ್ ಕ್ಯಾಥರೀನ್ ರಸ್ತೆಯಲ್ಲಿ ಅಂಗಡಿಗಳ ಗಾಜು ಪುಡಿಯಾಯಿತು. ಮರುದಿನ ಶಾಂತವಾಗಿರಿ ಅಂತ ರಿಷಾರ್‌ನೇ ರೇಡಿಯೊದಲ್ಲಿ ಕೇಳಿಕೊಂಡ. ಜನ ಅವನ ಮಾತು ಕೇಳಿದರು.

ಲೈನ್ಸ್‌ಮನ್‌ಗೆ ಹೊಡೆದದ್ದು ತಪ್ಪಲ್ವಾ ಅಂತೀರಿ. ತಪ್ಪೇ. ಅಂಗಡಿಯವರದ್ದೇನು ಪಾಪ ಅಂತೀರಿ. ಅದೂ ಸರಿ. ಆದರೆ ಒಬ್ಬ ಆಟಗಾರನಿಗೆ ಶಿಕ್ಷೆಯಾಯಿತು ಅಂತ ಇಷ್ಟು ಜನ ಬೀದಿಗಿಳಿಯುತ್ತಾರಾ? ಒಳಗೆ ಎಷ್ಟು ವರ್ಷಗಳ ಸಿಟ್ಟಿತ್ತು ಅಂತ ಹೇಳದೆ ಪುಂಡಾಟ ಅಂದುಬಿಟ್ಟರೆ ಹೇಗೆ? ಗೋಕಾಕ್ ಚಳವಳಿಗೆ ರಾಜಣ್ಣ ಬಂದಾಗ ಜನ ಯಾಕೆ ಸೇರಿದರು ಅಂತ ಅಪ್ಪನ ಬಾಯಲ್ಲಿ ಕೇಳಿ ಬೆಳೆದವನು ನಾನು. ನನಗೆ ಆ ಒಂದು ಸಾಲು ನುಂಗಲು ಆಗಲಿಲ್ಲ.

ಕಪ್ ಎಣಿಸುವವರಿಗೂ ಒಂದು ಮಾತು. 1956ರಿಂದ 1960ರವರೆಗೆ ಸತತ ಐದು ಕಪ್ ಗೆದ್ದದ್ದು ಇದೇ ಗಾಯದ ಬೆನ್ನಲ್ಲೇ, ಇದೇ ರಿಷಾರ್ ಜೊತೆ. ಆ ಐದನ್ನು ಈ ಕಥೆಯಿಂದ ಬೇರೆ ಮಾಡಿ ಹೇಗೆ ಎಣಿಸುತ್ತೀರಿ? 1996ರಲ್ಲಿ ಫೋರಂ ಮುಚ್ಚಿದ ರಾತ್ರಿ ಮುದುಕನಾದ ರಿಷಾರ್ ಅಂಗಣದ ಐಸ್ ಮೇಲೆ ನಿಂತಿದ್ದ. ಜನ ಚಪ್ಪಾಳೆ ನಿಲ್ಲಿಸಲೇ ಇಲ್ಲ. ಅವನಿಗೆ ಕಣ್ಣೀರು ತಡೆಯಲಾಗಲಿಲ್ಲ. ಆ ದೃಶ್ಯ ಹಾಕಿದಾಗಲೆಲ್ಲ ನಾನೂ ಅಳುತ್ತೇನೆ.

ಇನ್ನು 1993ರ ಆಮೇಲೆ ಏನೂ ಇಲ್ಲ ಅನ್ನುವ ಮಾತು. 2011ರ ಕೊನೆಯಲ್ಲಿ ಫ್ರೆಂಚ್ ಬಾರದ ರ್‍ಯಾಂಡಿ ಕನ್ನಿವರ್ತ್‌ನನ್ನು ಹಂಗಾಮಿ ಕೋಚ್ ಮಾಡಿದಾಗ ಜನ ಅಂಗಣದ ಹೊರಗೆ ಪ್ರತಿಭಟನೆಗೆ ನಿಂತರು. ಸೀಸನ್ ಮುಗಿದ ಮೇಲೆ ಮಿಷೆಲ್ ಟೆರಿಯನ್ ಬಂದ. ಅಲ್ಲಿಂದೀಚೆಗೆ ಬಂದ ಒಬ್ಬೊಬ್ಬ ಕೋಚ್‌ಗೂ ಫ್ರೆಂಚ್ ಬರುತ್ತದೆ. ಇದು ಇತಿಹಾಸ ಅಲ್ಲದೆ ಮತ್ತೇನು?