ಇನ್ವರ್‌ನೆಸ್ ಅಂದ್ರೆ ಬರೀ ಹಾಸಿಗೆಯಾ?

ತಮ್ಮ ಈಗಷ್ಟೇ ಎಕ್ಸೆಲ್ ಶೀಟು ಕಳಿಸಿದ್ದಾನೆ. ಜೂನಿನಲ್ಲಿ ಆಯಿ-ಅಪ್ಪನ್ನ ಕರ್ಕೊಂಡು ಬರ್ತಿದ್ದಾನಲ್ಲ, ಅದರಲ್ಲಿ ಮೂರು ದಿನ ಸ್ಕಾಟ್ಲೆಂಡು. ಮೊದಲ ದಿನ ಲಾಕ್ ನೆಸ್ ಸರೋವರ, ಎರಡನೇ ದಿನ ಸ್ಕೈ ದ್ವೀಪ, ಮೂರನೇ ದಿನ ಈಶಾನ್ಯ ತುದಿಯ ಜಾನ್ ಒ ಗ್ರೋಟ್ಸ್. ಮೂರೂ ಸಾಲಿನ ಕೊನೆಗೆ 'ಇನ್ವರ್‌ನೆಸ್ - ಸ್ಟೇ'. 2000ನೇ ಇಸವಿಯಲ್ಲಿ ಸಿಟಿ ಅನ್ನೋ ಪಟ್ಟ ಪಡೆದ ಊರು, ನಮ್ಮ ತಮ್ಮರಾಯರ ಲೆಕ್ಕದಲ್ಲಿ ಒಂದು ಹಾಸಿಗೆ, ಒಂದು ದಿಂಬು.

ಬೇರೆಯವರು ಮಾಡಿದ್ರೆ ಸುಮ್ಮನಿರ್ತಿದ್ದೆ. ಹೊನ್ನಾವರದಲ್ಲಿ ಹುಟ್ಟಿದವನು ಮಾಡ್ತಾನಲ್ಲ! ಗೋಕರ್ಣದಿಂದ ಮುರ್ಡೇಶ್ವರಕ್ಕೆ ಹೋಗೋ ಮಂದಿ ಶರಾವತಿ ಸೇತುವೆ ಮೇಲೆ ಕಿಟಕಿಯಿಂದ ಮೊಬೈಲು ಹಿಡಿದು, ನಮ್ಮೂರಲ್ಲಿ ಒಂದು ಚಾ ಕುಡಿದು ಹೋಗ್ತಾರೆ ಅಂತ ಜೀವಮಾನವಿಡೀ ಬೈದವರು ನಾವು. (ಈಗೀಗ ಕಾಂಡ್ಲಾಗಿಡ ನೋಡೋಕೆ ನಾಲ್ಕು ಜನ ಇಳೀತಾರೆ, ಅದು ಬೇರೆ ಮಾತು.) ಗೇಲಿಕ್ ಭಾಷೆಯಿಂದ ಬಂದ 'ಇನ್ವರ್' ಅಂದ್ರೆ ಅಳಿವೆ ಕಣೋ. ನೆಸ್ ನದಿಯ ಅಳಿವೆ. ನಮ್ಮೂರಿನ ಅಕ್ಕನೋ ತಂಗಿಯೋ ಅಂತ ಇಟ್ಕೋ.

ಆ ನದಿಯಾದ್ರೂ ಎಷ್ಟುದ್ದ? ಸರೋವರ ಬಿಟ್ಟು ಹತ್ತು ಕಿಲೋಮೀಟರಿಗೆಲ್ಲ ಸಮುದ್ರ ಸೇರ್ತದೆ. ಊರ ನಡುವೆಯೇ ಹರೀತದೆ. ನಡುವಿನ ನಡುಗಡ್ಡೆಗಳಿಗೆ ಹಳೇ ಕಾಲುಸಂಕ ದಾಟಿ ಹೋದ್ರೆ, ತೊಡೆಮಟ್ಟದ ನೀರಲ್ಲಿ ರಬ್ಬರ್ ಚಡ್ಡಿ-ಬೂಟು ಹಾಕಿ ಸಾಲ್ಮನ್ ಮೀನಿಗೆ ಗಾಳ ಬೀಸೋರು ಕಾಣ್ತಾರೆ. ಚರ್ಚ್ ಸ್ಟ್ರೀಟಿನಲ್ಲಿ ಹಳೇ ಗೇಲಿಕ್ ಚರ್ಚಿನೊಳಗೆ ಲೀಕೀಸ್ ಅಂತ ಹಳೇ ಪುಸ್ತಕದಂಗಡಿ, ನಟ್ಟನಡುವೆ ಕಟ್ಟಿಗೆ ಒಲೆ. ಮ್ಯೂರ್‌ಟೌನಿನಲ್ಲಿ ಎಂಜಿನಿಯರ್ ಥಾಮಸ್ ಟೆಲ್‌ಫರ್ಡನ ಕಾಲುವೆ, 1822ರಲ್ಲಿ ತೆರೆದದ್ದು. ಮೆಟ್ಟಿಲಿನ ಹಾಗೆ ಸಾಲಾಗಿರೋ ನಾಲ್ಕು ಗೇಟು-ತೊಟ್ಟಿಗಳಲ್ಲಿ ನೀರು ತುಂಬಿ ತುಂಬಿ ದೋಣಿ ಮೇಲೇರ್ತದೆ. ಪಿಡಬ್ಲ್ಯುಡಿಯಲ್ಲಿ ಸವೆದ ಅಪ್ಪನಿಗೆ ಅದೊಂದೇ ಸಾಕು, ಊಟದ ಹೊತ್ತು ಮರೀತಾರೆ. ಶೀಟಿನಲ್ಲಿ ಇದ್ಯಾವುದಕ್ಕೂ ಅರ್ಧ ತಾಸಿಲ್ಲ.

ಆದ್ರೆ ಲಾಕ್ ನೆಸ್ಸಿನಲ್ಲಿ ಉಂಟು ಅಂತಾರಲ್ಲ ನೆಸ್ಸಿ, ಆ ಇಲ್ಲದ ದೈತ್ಯ ಪ್ರಾಣಿಗೆ ಇಡೀ ದಿನ ಉಂಟು! 1933ರಲ್ಲಿ ಇದೇ ಊರಿನ ಪತ್ರಿಕೆ ಹಬ್ಬಿಸಿದ ಸುದ್ದಿ ಅದು. ಮರುವರ್ಷದ ಆ ಪ್ರಸಿದ್ಧ ಫೋಟೋದಲ್ಲಿರೋದು ಆಟಿಕೆ ಸಬ್‌ಮರೀನು ಅಂತ 1994ರಲ್ಲಿ ಬಯಲಾಯ್ತು. ಪ್ರಾಣಿಯೇ ಬೇಕಂದ್ರೆ ಭರತ ಏರೋ ಹೊತ್ತಿಗೆ ಊರ ಹತ್ತಿರದ ಚಾನನ್ರಿ ಪಾಯಿಂಟಿನಲ್ಲಿ ನಿಂತ್ಕೊಳ್ಳಿ, ದಡದಿಂದಲೇ ಡಾಲ್ಫಿನ್ ಕಾಣೋ ಜಾಗ. ಭರತ-ಇಳಿತ ನಮಗೆ ಯಾರೂ ಕಲಿಸಬೇಕಿಲ್ಲ.

"ಮತ್ತೆ ಯಾವಾಗ ಬರೋದು ಅಕ್ಕ? ವೀಸಾ, ಟಿಕೆಟ್ಟು, ಅಪ್ಪನ ಮೊಣಕಾಲು..." ಅಂದ. ಹೌದಪ್ಪ, ಅದಕ್ಕೇ ಹೇಳೋದು. ಸ್ಕೈ ದ್ವೀಪದ ಪೋರ್ಟ್ರೀಗೆ ಹೋಗ್ತಾ ಮೂರು ತಾಸು, ಬರ್ತಾ ಮೂರು ತಾಸು. ಜಾನ್ ಒ ಗ್ರೋಟ್ಸಿಗೂ ಹೆಚ್ಚುಕಮ್ಮಿ ಅಷ್ಟೇ. ಅಷ್ಟು ದುಡ್ಡು ಸುರಿದು ಕರೆತಂದು ಆ ಮೊಣಕಾಲಿಗೆ ತೋರಿಸೋದು ಮುಂದಿನ ಸೀಟಿನ ಬೆನ್ನಾ? ಇನ್ನೊಂದು ತಮಾಷೆ ಕೇಳಿ: ಲಂಡನ್ನಿನಿಂದ ಶನಿವಾರ ರಾತ್ರಿಯ ಸ್ಲೀಪರ್ ರೈಲು ಅಂತ ಬರೆದಿದ್ದಾನೆ. ವಾರದಲ್ಲಿ ಆ ರೈಲು ಓಡದ ರಾತ್ರಿ ಒಂದೇ. ಅದನ್ನೇ ಹುಡುಕಿ ತೆಗೆದಿದ್ದಾನೆ, ಪುಣ್ಯಾತ್ಮ.

ಸರಿ, ಹೇಳಿಯೇ ಬಿಡ್ತೇನೆ. ಆರು ವರ್ಷದ ಹಿಂದೆ ಅತ್ತೆ-ಮಾವ ಬಂದಾಗ ಇದೇ ಶೀಟು ನಾನೂ ಮಾಡಿದ್ದೆ, ಬಣ್ಣ ಬಣ್ಣ ಹಚ್ಚಿ. ಸ್ಕೈಗೆ ಹೋಗಿ ಅದೇ ದಿನ ವಾಪಸ್. ಮಳೆಗೆ ಮಾವ ಕಾರಿಂದ ಇಳಿಯಲೇ ಇಲ್ಲ. ಅತ್ತೆಗೆ ದಾರಿಯಿಡೀ ವಾಂತಿ. ಇನ್ವರ್‌ನೆಸ್ ಮುಟ್ಟಿದಾಗ ರಾತ್ರಿ ಹತ್ತು, ಇನ್ನೂ ಬೆಳಕು. "ಸಂಜೆ ದೀಪ ಯಾವಾಗ ಹಚ್ಚೋದೇ ಇಲ್ಲಿ?" ಅಂತ ಕೇಳಿದ್ರು ಅತ್ತೆ. ನದಿ ದಂಡೆಯ ಬೆಂಚಿನಲ್ಲಿ ಕೂತು ತಣ್ಣಗಾದ ಚಿತ್ರಾನ್ನ ತಿಂದ್ವಿ, ನುಸಿ ಓಡಿಸ್ತಾ. ಊರಿಗೆ ಹೋದ ಮೇಲೆ ಫೋನಿನಲ್ಲಿ ಮಾವ ಸ್ಕೈ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಕೇಳಿದ್ದು ಒಂದೇ: "ಆ ನೀರಲ್ಲಿ ನಿಂತಿದ್ದನಲ್ಲ, ಅವನಿಗೆ ಮೀನು ಸಿಕ್ತಾ?"

ಶುಕ್ರವಾರದ ರೈಲು ನಾನೇ ಬುಕ್ ಮಾಡಿದೆ. ಶೀಟಿನಲ್ಲಿ ಜಾನ್ ಒ ಗ್ರೋಟ್ಸ್ ಅಳಿಸಿ, ಅಲ್ಲಿ 'ನದಿ' ಅಂತ ಬರೆದು ತಮ್ಮನಿಗೆ ವಾಪಸ್ ಕಳಿಸಿದ್ದೇನೆ. ನೀಲಿ ಟಿಕ್ ಬಂದು ಎರಡು ತಾಸಾಯ್ತು. ಉತ್ತರ ಇಲ್ಲ.