ಕುಶಾಲನಗರ ದಾಟಿದರೆ ಮುಪ್ಪಿಗೆ ಪ್ರವೇಶವಿಲ್ಲ

ಕೊಪ್ಪದ ಸೇತುವೆ ದಾಟಿ ಕುಶಾಲನಗರ ಹೊಕ್ಕರೆ ಸಾಕು, ಮುಪ್ಪು ಅಲ್ಲೇ ಬಸ್ಸಿಳಿಯುತ್ತದೆ. ಸುಂಟಿಕೊಪ್ಪದ ಮೇಲೆ ಮಡಿಕೇರಿ ಹತ್ತುವ ತನಕ ಮಸಾಲೆ ಅಂಗಡಿಗಳ ಬೋರ್ಡು ಓದುತ್ತಾ ಹೋಗಿ: ಜೇನು ಆಂಟಿಆಕ್ಸಿಡೆಂಟ್ (ಆಕ್ಸಿಡೀಕರಣ ತಡೆಯುವ ವಸ್ತು, ಮುಪ್ಪನ್ನೂ ತಡೆಯುತ್ತದೆಂಬುದು ಅಂಗಡಿಯ ಮಾತು) ಭರಿತ, ಕಾಳುಮೆಣಸು ಭರಿತ, ಹೋಂ ಮೇಡ್ ಚಾಕೊಲೇಟೂ ಭರಿತ, ಹೋಂ ಮೇಡ್ ವೈನಂತೂ ತುಂಬಿ ತುಳುಕುತ್ತದೆ. ಇಷ್ಟು ಕಾಲ ಪಂದಿ ಕರಿಗೆ ಹುಳಿ ಹಿಡಿಸಿಕೊಂಡು ತೆಪ್ಪಗಿದ್ದ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಗೂ ಜೀವಕೋಶ ರಕ್ಷಣೆಯ ಹೆಚ್ಚುವರಿ ಖಾತೆ ಸಿಕ್ಕಿದೆ. ಕಾಫಿ ಬೀಜವನ್ನು ಹುರಿದರೆ ಒಂದು ಬೆಲೆ. ಹುರಿಯದೆ ಹಸಿರಾಗಿಯೇ ಪುಡಿ ಮಾಡಿ ‘ಕ್ಲೋರೋಜೆನಿಕ್ ಆಮ್ಲ ಭರಿತ’ ಎಂದರೆ ಇನ್ನೊಂದು ಬೆಲೆ. ಹುರಿದಾಗ ಆಂಟಿಆಕ್ಸಿಡೆಂಟ್ ಆದ ಆ ಆಮ್ಲ ಕಡಿಮೆಯಾಗುವುದು ನಿಜ. ಹುರಿಯುವ ಸೌದೆ ಉಳಿದದ್ದೂ ನಿಜ.

ಎಷ್ಟು ಭರಿತ ಎಂದು ಕೇಳಿದರೆ ಆಂಟಿಆಕ್ಸಿಡೆಂಟ್ ಬಲ ಅಳೆಯುವ ‘ಓರ್ಯಾಕ್’ ಎಂಬ ಅಂಕಿ ಬರುತ್ತದೆ. ಅದು ಗಾಜಿನ ನಳಿಕೆಯಲ್ಲಿ ಅಳೆದದ್ದು. ಅಮೆರಿಕದ ಕೃಷಿ ಇಲಾಖೆ ಇಂಥ ಅಂಕಿಗಳ ಪಟ್ಟಿಯನ್ನು 2012ರಲ್ಲಿ ತನ್ನ ಜಾಲತಾಣದಿಂದ ತೆಗೆದೇ ಹಾಕಿತು. ಅಂಕಿಗೂ ಮೈಯೊಳಗಿನ ಪರಿಣಾಮಕ್ಕೂ ತಾಳೆಯಾಗುತ್ತಿರಲಿಲ್ಲ, ಕಂಪನಿಗಳು ಮಾತ್ರ ಅದನ್ನೇ ಹಿಡಿದು ಮಾರುತ್ತಿದ್ದವು. ನಮ್ಮ ಘಟ್ಟಕ್ಕೆ ಆ ಸುದ್ದಿ ಇನ್ನೂ ಹತ್ತಿಲ್ಲ. ಮಳೆಗೆ ಲೈನ್ ಹೋಗಿರಬೇಕು.

ಈ ವ್ಯಾಪಾರದ ಖಳನಾಯಕ ಫ್ರೀ ರಾಡಿಕಲ್, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತು ಸಿಕ್ಕಿದ್ದರ ಮೇಲೆ ಎರಗುವ ಅಣು. ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಶಕ್ತಿ ತಯಾರಾಗುವಾಗ ಸೋರಿದ ಎಲೆಕ್ಟ್ರಾನ್ ಆಮ್ಲಜನಕಕ್ಕೆ ಅಂಟಿ ಸೂಪರಾಕ್ಸೈಡ್ ಆಗುತ್ತದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಅದನ್ನು ನೀರಾಗಿಸುತ್ತವೆ. ಒಂದೇ ಒಂದು ಕ್ಯಾಟಲೇಸ್ ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ಬಾಟಲಿಯಿಂದ ಬಂದ ವಿಟಮಿನ್ ಇ ಅಣು ಒಂದೆರಡನ್ನು ತಡೆದು ತಾನೇ ರಾಡಿಕಲ್ ಆಗಿ ಕೂರುತ್ತದೆ, ಅದನ್ನು ಎಬ್ಬಿಸಲು ವಿಟಮಿನ್ ಸಿ ಬರಬೇಕು. ಕಿಣ್ವಗಳು ಕೇಳುವುದು ಚೂರು ತಾಮ್ರ, ಸತು, ಮ್ಯಾಂಗನೀಸ್, ಸೆಲೆನಿಯಮ್, ಕಬ್ಬಿಣ. ಅನ್ನ, ಬೇಳೆ, ಮೀನು, ಸೊಪ್ಪು ಉಂಡವರಿಗೆ ಸಾಮಾನ್ಯವಾಗಿ ಇವು ದಕ್ಕುತ್ತವೆ. (ತಾಮ್ರ ಎಂದಕೂಡಲೇ ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಕಡೆ ಯಾರೂ ನೋಡಬೇಡಿ.)

ಎಡವಟ್ಟಾಗುವುದು ಪೆರಾಕ್ಸೈಡಿಗೆ ಬಿಡಿ ಕಬ್ಬಿಣ ಸಿಕ್ಕಾಗ. ಆಗ ಹುಟ್ಟುವ ಹೈಡ್ರಾಕ್ಸಿಲ್ ರಾಡಿಕಲ್ ಪಕ್ಕದಲ್ಲಿ ಏನಿದೆಯೋ ಅದನ್ನೇ, ಡಿಎನ್‌ಎ ಆದರೆ ಡಿಎನ್‌ಎಯನ್ನೇ, ಕ್ಷಣಾರ್ಧಕ್ಕಿಂತ ಬೇಗ ಕಚ್ಚುತ್ತದೆ. ದ್ರಾಕ್ಷಿ ವೈನು ಓಡಿ ಬಂದು ಹಿಡಿಯುವಷ್ಟು ಪುರುಸೊತ್ತಿಲ್ಲ. ಅದಕ್ಕೇ ದೇಹ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಬೀಗ ಹಾಕಿ ಇಡುತ್ತದೆ.

ಇನ್ನು ಎಲ್ಲ ರಾಡಿಕಲ್‌ಗಳನ್ನೂ ‘ನಾಶ’ ಮಾಡುವ ಪ್ಯಾಕೇಜು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಸೂಪರಾಕ್ಸೈಡನ್ನು ಬೇಕೆಂದೇ ತಯಾರಿಸುತ್ತವೆ. ಹುಟ್ಟಿನಿಂದಲೇ ಅದು ಸಾಧ್ಯವಾಗದ ಮಕ್ಕಳಿಗೆ ಸೋಂಕಿನ ಮೇಲೆ ಸೋಂಕು. ತಡಿಯಂಡಮೋಳ್ ಬೆಟ್ಟ ಹತ್ತಿಳಿದು ಹೋಂಸ್ಟೇಯಲ್ಲಿ ‘ರಿಕವರಿ’ ಮಾತ್ರೆ ನುಂಗುವವರಿಗೂ ಒಂದು ಸುದ್ದಿ: ವ್ಯಾಯಾಮದ ಜತೆ ದಿನಕ್ಕೆ 1000 ಮಿ.ಗ್ರಾಂ ವಿಟಮಿನ್ ಸಿ, 400 ಐಯು ವಿಟಮಿನ್ ಇ ಕೊಟ್ಟು ನೋಡಿದ 2009ರ ಜರ್ಮನ್ ಅಧ್ಯಯನದಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುವ ಅನುಕೂಲವೇ ಸಿಗಲಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆ ಇನ್ನೂ ಕೆಟ್ಟದ್ದು. ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯಲಿಲ್ಲ, ಶೇ 18ರಷ್ಟು ಏರಿತು. ಫಲಿತಾಂಶ ಬಂದದ್ದು 1994ರಲ್ಲಿ. ಬೋರ್ಡು ಬರೆಯುವವರಿಗೆ ಅದು ತಲುಪಲು ಇನ್ನೆಷ್ಟು ಮಳೆಗಾಲ ಬೇಕೋ.

ಮದ್ದು ಸೊಪ್ಪನ್ನೂ ಬಿಟ್ಟಿಲ್ಲ. ಆಗಸ್ಟ್ ಆರಂಭದಲ್ಲಿ, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಈ ಸೊಪ್ಪಿನ ಎಲೆ ಬೇಯಿಸಿ, ನೇರಳೆ ಕಷಾಯದಲ್ಲಿ ಪಾಯಸ ಮಾಡಿ ಉಣ್ಣುವುದು ಕೊಡಗಿನ ಪದ್ಧತಿ. ಆಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ವರ್ಷಕ್ಕೊಮ್ಮೆಯ ಆ ಪಾಯಸಕ್ಕೆ ನಮ್ಮ ತಕರಾರಿಲ್ಲ, ರುಚಿಯಾಗಿರುತ್ತದೆ. ತಕರಾರು ಅದನ್ನೇ ‘ಡೀಟಾಕ್ಸ್ ಪುಡಿ’ ಮಾಡಿ, ಕೆಂಪು ಕಂಡದ್ದೇ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಎನ್ನುವವರ ಮೇಲೆ. ಬಣ್ಣ ಮೈಯಲ್ಲಿ ನಿಲ್ಲದೆ ಹೊರಬಿತ್ತು ಎಂಬುದಕ್ಕಷ್ಟೇ ಅದು ಸಾಕ್ಷಿ. ವಿಟಮಿನ್ ಸಿ ಮಾತ್ರೆಗೆ ಅಷ್ಟು ಪ್ರಾಮಾಣಿಕತೆಯೂ ಇಲ್ಲ. ದಿನಕ್ಕೆ 200ರಿಂದ 400 ಮಿ.ಗ್ರಾಂ ಹೊತ್ತಿಗೆ ರಕ್ತದ ಮಟ್ಟ ತುಂಬಿ ನಿಲ್ಲುತ್ತದೆ. ಮೇಲಿನದರಲ್ಲಿ ಒಂದು ಪಾಲನ್ನು ಕರುಳೇ ಒಳಬಿಡದು, ಉಳಿದದ್ದು ಮೂತ್ರಕ್ಕೆ, ಸ್ವಲ್ಪ ಆಕ್ಸಲೇಟ್ ಆಗಿ ಕಿಡ್ನಿ ಕಲ್ಲಿನ ಕಡೆಗೆ. ಬಣ್ಣವಿಲ್ಲವಾದ್ದರಿಂದ ದುಡ್ಡು ಹರಿದುಹೋದದ್ದು ಕಾಣುವುದಿಲ್ಲ.

ಇಷ್ಟಾದರೂ ಆಂಟಿಆಕ್ಸಿಡೆಂಟ್ ಬೇಕೇ ಬೇಕು ಎನ್ನುವವರಿಗೆ ಅದೇ ಅಂಗಡಿಯಲ್ಲಿ ಸುಳ್ಳಿಲ್ಲದ ಮಾಲೂ ಇದೆ. ಕರಿದ ತಿಂಡಿಯ ಪ್ಯಾಕೆಟ್‌ಗಳನ್ನು ತಿರುಗಿಸಿ ನೋಡಿ. ಕೆಲವದರಲ್ಲಿ ಪಾಮ್ ಎಣ್ಣೆಯ ಪಕ್ಕ, ಇರುವೆ ಗಾತ್ರದಲ್ಲಿ, ‘ಆಂಟಿಆಕ್ಸಿಡೆಂಟ್ (319)’ ಎಂದಿರುತ್ತದೆ. ಅದು ಟಿಬಿಎಚ್‌ಕ್ಯು ಎಂಬ ರಾಸಾಯನಿಕ, ಕಿಲೋ ಎಣ್ಣೆಗೆ 200 ಮಿ.ಗ್ರಾಂ ಮೀರುವಂತಿಲ್ಲ. ಎಣ್ಣೆ ಕಮಟು ಹಿಡಿಯದಂತೆ ಕಾಯುವುದು ಅದರ ಕೆಲಸ, ಅಷ್ಟನ್ನು ಮಾಡುತ್ತದೆ. ಪಾಪ, ಅದಕ್ಕೊಂದು ಬೋರ್ಡಿಲ್ಲ.